ಕಾವೇರಿಗೆ ನೀಲಿ ಮಹಶೀರ್ ಬಿತ್ತನೆ ನಿಲ್ಲಿಸಿ: ಮೀನುಗಾರಿಕೆ ಸಚಿವರಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಮೀನುಗಾರಿಕೆ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ಕಾವೇರಿ ಕಣಿವೆಯನ್ನು ಬಿಟ್ಟರೆ ಜಗತ್ತಿನ ಬೇರಾವ ನದಿಯಲ್ಲೂ ಸಹಜವಾಗಿ ಕಾಣಸಿಗದ ಗೂನುಬೆನ್ನಿನ ಮಹಶೀರ್ ಮೀನು ನಮ್ಮ ಕಣ್ಣೆದುರೇ ಅಳಿದುಹೋಗುತ್ತಿದೆ. ಅದನ್ನು ಉಳಿಸಿಕೊಳ್ಳಬೇಕಾದರೆ ಕಾವೇರಿಗೂ ಅದರ ಉಪನದಿಗಳಿಗೂ ನೀಲಿ ಈಜುರೆಕ್ಕೆಯ ಮಹಶೀರ್ ಮರಿಗಳನ್ನು ಬಿಡುವ ಪದ್ಧತಿಗೆ ತಾವು ಲಿಖಿತ ಆದೇಶದ ಮೂಲಕ ತೆರೆ ಎಳೆಯಬೇಕೆಂದು ವಿನಂತಿಸಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಬೆಳೆದ ಮೀನುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಇವೆರಡೂ ಬೇರೆಬೇರೆ ಎಂಬುದು ಯಾರಿಗಾದರೂ ತಿಳಿಯುತ್ತದೆ. ಕಾವೇರಿಯ ಸ್ವಂತ ಮೀನಿನ ಬೆನ್ನು ಕಿವಿರು ಮುಚ್ಚಳದ ನೇರದಿಂದಲೇ ಏರತೊಡಗಿ ಗೂನಾಗಿ ನಿಲ್ಲುತ್ತದೆ, ಬಾಲ ಮತ್ತು ಈಜುರೆಕ್ಕೆಗಳಿಗೆ ಕಿತ್ತಳೆಯ ಬಣ್ಣವಿರುತ್ತದೆ. ಇನ್ನೊಂದರ ಬೆನ್ನು ಹದವಾಗಿ ಬಾಗಿದ್ದು, ಈಜುರೆಕ್ಕೆಗಳು ನೀಲಿಗೂ ಬೂದಿಗೂ ನಡುವಿನ ಬಣ್ಣದಲ್ಲಿರುತ್ತವೆ. ಆದರೆ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ನದಿಯ ದಡಕ್ಕೆ ಬರುವ ಬೆರಳುದ್ದದ ಮರಿಗಳಲ್ಲಿ ಗೂನು ಇನ್ನೂ ಮೂಡಿರುವುದಿಲ್ಲ. ಚೀಲ ಬಿಚ್ಚಿ ನೀರಿಗೆ ಸುರಿಯುವವರಿಗೆ ತಾವು ಯಾವ ಮೀನನ್ನು ಬಿಡುತ್ತಿದ್ದೇವೆ ಎಂದು ಬರಿಗಣ್ಣಿನಿಂದ ಹೇಳಲಾಗದು.

ಗೂನುಬೆನ್ನಿನ ಈ ಮೀನು ಎಂಥದ್ದೆಂಬುದಕ್ಕೆ ಒಂದೇ ದಾಖಲೆ ಸಾಕು: 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ದೇಶವಿದೇಶಗಳ ಗಾಳಗಾರರು ಶತಮಾನಕ್ಕೂ ಹೆಚ್ಚು ಕಾಲ ಹುಡುಕಿಕೊಂಡು ಬಂದ ಈ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲವೆಂಬುದು ದುಃಖದ ಸಂಗತಿ. ಕಾವೇರಿ ಕಣಿವೆಗೇ ಸೇರಿದ ಕೇರಳದ ಪಾಂಬಾರ್ ನದಿಯ ಮಾದರಿಗಳನ್ನು ಆಧರಿಸಿ 2007ರಲ್ಲಿ ‘ಟಾರ್ ರೆಮಾದೇವಿ’ ಎಂಬ ಪ್ರಭೇದವನ್ನು ವರ್ಣಿಸಲಾಗಿತ್ತು. ನಮ್ಮ ಗೂನುಬೆನ್ನಿನ ಮಹಶೀರ್ ಅದೇ ಪ್ರಭೇದವೆಂದು 2018ರಲ್ಲಿ ಸಾಬೀತಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅದನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಅಂದರೆ ನಾವು ಅದನ್ನು ಗುರುತಿಸುವ ಹೊತ್ತಿಗೆ ಅದು ಬಹುಪಾಲು ಕಳೆದುಹೋಗಿತ್ತು.

ನೀಲಿ ಮಹಶೀರ್, ಅಂದರೆ ‘ಟಾರ್ ಖುದ್ರೀ’, ಪುಣೆಯ ಸುತ್ತಲಿನ ಮುಳಾ-ಮುಠಾ ನೀರಿನಿಂದ 1839ರಲ್ಲಿ ವರ್ಣಿತವಾದ, ಕೃಷ್ಣಾ ಕಣಿವೆಯ ಮೀನು. ಮಹಾರಾಷ್ಟ್ರದ ಲೋನಾವಳದಲ್ಲಿ 1970ರ ದಶಕದಿಂದ ಇದರ ಮರಿಗಳನ್ನು ಕೃತಕವಾಗಿ ಬೆಳೆಸಿ ದೇಶದ ಅನೇಕ ನದಿಗಳಿಗೆ ಕಳುಹಿಸಲಾಯಿತು. ಮಹಶೀರ್ ಎಲ್ಲೆಡೆ ಕಡಿಮೆಯಾಗುತ್ತಿದ್ದ ಕಾಲದಲ್ಲಿ ಅದು ಸದುದ್ದೇಶದ ಕೆಲಸವೇ ಆಗಿತ್ತು, ಅದನ್ನು ಮಾಡಿದವರ ಶ್ರಮವನ್ನು ನಾನು ಗೌರವಿಸುತ್ತೇನೆ. ಕಾವೇರಿಗೂ ಮರಿಗಳು ಬಂದವು. ಮುಂದೆ ನಮ್ಮ ಇಲಾಖೆಯೇ ಹಾರಂಗಿಯಲ್ಲಿ ಇದೇ ಮೀನಿನ ಮರಿ ಉತ್ಪಾದನೆ ಆರಂಭಿಸಿತು.

ಇದರ ಪರಿಣಾಮವನ್ನು ತಿಳಿಸುವ ಅತ್ಯಮೂಲ್ಯ ಮಾಹಿತಿ ಕಾವೇರಿ ದಡದ ಗಾಳಿಬೋರೆಯ ಗಾಳಗಾರಿಕೆ ಶಿಬಿರದಲ್ಲಿ ದೊರೆತಿದೆ. ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಮತ್ತೆ ನದಿಗೇ ಬಿಡುತ್ತಿದ್ದ ಅಲ್ಲಿಯ 1998ರಿಂದ 2012ರವರೆಗಿನ ಪುಸ್ತಕಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಮಹಶೀರ್‌ಗಳ ಲೆಕ್ಕವಿದೆ. ಆ ವರ್ಷಗಳಲ್ಲಿ ಸಿಗುವ ಮೀನಿನ ಸಂಖ್ಯೆ ಏರುತ್ತಲೇ ಹೋಯಿತು, ಸರಾಸರಿ ತೂಕ ಇಳಿಯುತ್ತಲೇ ಹೋಯಿತು. ಸಂಖ್ಯೆಯನ್ನಷ್ಟೇ ನೋಡುವವರಿಗೆ ಇದು ಸಂರಕ್ಷಣೆಯ ಗೆಲುವಿನಂತೆ ಕಾಣುತ್ತದೆ, ಕೆಲಕಾಲ ಹಾಗೆ ಕಂಡದ್ದೂ ಉಂಟು. ಆದರೆ ಮೀನುಗಳನ್ನು ಬಗೆಬಗೆಯಾಗಿ ಬೇರ್ಪಡಿಸಿ ನೋಡಿದಾಗ, ಹೆಚ್ಚಿದ್ದೆಲ್ಲವೂ ನೀಲಿ ಮಹಶೀರ್ ಎಂದೂ, ಗೂನುಬೆನ್ನಿನದು ವರ್ಷದಿಂದ ವರ್ಷಕ್ಕೆ ಕುಸಿದು, ಕೊನೆಗೆ ಅದರ ಮರಿ ವಯಸ್ಸಿನ ಮೀನುಗಳು ಕಾಣದೆ ದೊಡ್ಡವು ಮಾತ್ರ ಅಪರೂಪಕ್ಕೆ ಸಿಗುವ ಸ್ಥಿತಿ ಬಂದಿತ್ತೆಂದೂ ತಿಳಿಯಿತು. ಮುದುಕರಷ್ಟೇ ಉಳಿದ ಊರಿನಂಥ ಸ್ಥಿತಿ ಅದು.

ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದು ಸಿಡಿಸಿ ಮೀನು ಹಿಡಿಯುವುದು, ಬೇಸಿಗೆಯಲ್ಲಿ ಬತ್ತುವ ಹರಿವು, ಇವೇ ಕಾರಣಗಳಲ್ಲವೇ ಎಂದು ತಮ್ಮ ಅಧಿಕಾರಿಗಳು ಕೇಳಬಹುದು. ಇವೆಲ್ಲವೂ ಕಾವೇರಿಯನ್ನು ಬಾಧಿಸಿವೆ, ಇವುಗಳ ವಿರುದ್ಧ ಕ್ರಮ ಆಗಲೇಬೇಕು. ಆದರೆ ಅದೇ ಅಣೆಕಟ್ಟಿನ ಕೆಳಗೆ, ಅದೇ ನೀರಿನಲ್ಲಿ, ಅದೇ ಸಿಡಿಮದ್ದಿನ ನಡುವೆ ನೀಲಿ ಮಹಶೀರ್ ಹೆಚ್ಚುತ್ತಲೇ ಹೋಯಿತು. ನದಿ ಕೆಟ್ಟಿತೆಂಬ ಒಂದೇ ಕಾರಣದಿಂದ ಈ ವ್ಯತ್ಯಾಸವನ್ನು ವಿವರಿಸಲಾಗದು. ಒಂದೇ ಬಗೆಯ ಆಹಾರ, ಒಂದೇ ಬಗೆಯ ಮಡು, ಮೊಟ್ಟೆಯಿಡಲು ಒಂದೇ ಬಗೆಯ ಜಲ್ಲಿಹಾಸು ಬೇಕಾದ ಹೊರಗಿನ ಮೀನನ್ನು ವರ್ಷಗಟ್ಟಲೆ ಲಕ್ಷ್ಯವಿಟ್ಟು ಬಿತ್ತಿದ ಮೇಲೆ, ಸೊರಗಿದ ಮೂಲನಿವಾಸಿಗೆ ಚೇತರಿಸಿಕೊಳ್ಳಲು ಎಡೆಯೆಲ್ಲಿ? ಅಲ್ಲದೆ ನೀಲಿ ಮಹಶೀರ್ ಈಗ ಅಪಾಯದಲ್ಲೂ ಇಲ್ಲ, ಐಯುಸಿಎನ್ ಪಟ್ಟಿಯಲ್ಲಿ ಅದು ಆತಂಕವಿಲ್ಲದ ವರ್ಗದಲ್ಲಿದೆ.

ಇಂಥ ನಿರ್ಬಂಧ ಹೊಸತೇನಲ್ಲ. ಇಂಗ್ಲೆಂಡಿನಲ್ಲಿ ಬ್ರೌನ್ ಟ್ರೌಟ್ ಅಲ್ಲಿನ ನದಿಗಳದೇ ಮೀನಾದರೂ, ಸಾಕಣೆ ಕೇಂದ್ರದ ಮೀನು ಕಾಡುತಳಿಯೊಂದಿಗೆ ಬೆರೆತು ಅದನ್ನು ಕೆಡಿಸೀತೆಂಬ ಕಾರಣಕ್ಕೆ, 2015ರಿಂದ ನದಿಗಳಿಗೆ ಬಿಡುವ ಬ್ರೌನ್ ಟ್ರೌಟ್ ಬಂಜೆ ಮೀನಾಗಿರಬೇಕು ಅಥವಾ ಅದೇ ನೀರಿನ ತಾಯಿಮೀನಿನ ಸಂತತಿಯಾಗಿರಬೇಕು ಎಂಬ ನಿಯಮವಿದೆ. ಅವರು ಒಂದೇ ಪ್ರಭೇದದೊಳಗೆ ತೋರಿಸುವ ಎಚ್ಚರವನ್ನು ನಾವು ಎರಡು ಬೇರೆ ಪ್ರಭೇದಗಳ ನಡುವೆಯೂ ತೋರಿಸಿಲ್ಲ.

ಆದ್ದರಿಂದ ಕಾವೇರಿ, ಹಾರಂಗಿ, ಹೇಮಾವತಿ, ಕಬಿನಿ, ಶಿಂಷಾ, ಅರ್ಕಾವತಿ ಮತ್ತು ಇವುಗಳ ಜಲಾಶಯಗಳಿಗೆ ನೀಲಿ ಮಹಶೀರ್ ಬಿತ್ತನೆಯನ್ನು, ಅದು ಇಲಾಖೆಯದಾಗಲಿ, ಖಾಸಗಿಯವರದಾಗಲಿ, ಸಮಾರಂಭದ ನೆಪದ್ದಾಗಲಿ, ಈ ಮುಂಗಾರಿಗೆ ಮೊದಲೇ ನಿಷೇಧಿಸಬೇಕೆಂದು ಕೋರುತ್ತೇನೆ. ಹಾರಂಗಿ ಕೇಂದ್ರದ ಸಿಬ್ಬಂದಿಗೆ ಮಹಶೀರ್ ಸಾಕಿದ ಅನುಭವವಿರುವುದರಿಂದ ಅದನ್ನು ಮುಚ್ಚುವ ಬದಲು ಗೂನುಬೆನ್ನಿನ ಮೀನಿನ ಕೆಲಸಕ್ಕೆ ಅಣಿಗೊಳಿಸುವುದು ವಿವೇಕ. ಆದರೆ ಡಿಎನ್‌ಎ ಪರೀಕ್ಷೆಯಲ್ಲಿ ಶುದ್ಧತಳಿಯೆಂದು ಖಚಿತವಾಗದ ಒಂದು ತಾಯಿಮೀನನ್ನೂ ಅಲ್ಲಿ ಬಳಸಬಾರದು. ಈ ಮೀನು ತಮಿಳುನಾಡಿನಲ್ಲಿ ಹರಿಯುವ, ಕಾವೇರಿ ಕಣಿವೆಯದೇ ಆದ ಮೋಯಾರ್ ನದಿಯಲ್ಲಿ ಇನ್ನೂ ಉಳಿದಿರುವುದರಿಂದ ತಮಿಳುನಾಡಿನೊಂದಿಗೆ ಮಾತುಕತೆ ಅನಿವಾರ್ಯ. ನೀರಿನ ಹಂಚಿಕೆಯಲ್ಲಿ ಎಷ್ಟೇ ಭಿನ್ನಾಭಿಪ್ರಾಯವಿದ್ದರೂ ಮೀನಿನ ವಿಷಯದಲ್ಲಿ ಎರಡೂ ರಾಜ್ಯಗಳು ಕೂತು ಮಾತನಾಡಲು ಅಡ್ಡಿಯಿರಬಾರದು. ಜೀವವೈವಿಧ್ಯ ಕಾಯ್ದೆ, 2002ರ 38ನೇ ಕಲಮಿನಡಿ ಈ ಪ್ರಭೇದವನ್ನು ಅಳಿವಿನಂಚಿನದೆಂದು ಅಧಿಸೂಚಿಸುವಂತೆ ಕೇಂದ್ರಕ್ಕೆ ಪ್ರಸ್ತಾವನೆಯನ್ನೂ ಕಳುಹಿಸಬಹುದು.

ಗಾಳಿಬೋರೆಯ ಪುಸ್ತಕಗಳು 2012ರಲ್ಲಿ ಗಾಳಗಾರಿಕೆಯೊಂದಿಗೆ ನಿಂತುಹೋದವು. ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ಆ ನೀರಿನ ಮಡುಗಳನ್ನು ಅಂಗೈಯಂತೆ ಬಲ್ಲ ಹಿಂದಿನ ಮಾರ್ಗದರ್ಶಿಗಳನ್ನೂ ಸ್ಥಳೀಯ ಮೀನುಗಾರರನ್ನೂ ಸೇರಿಸಿಕೊಂಡು ವೈಜ್ಞಾನಿಕ ಸಮೀಕ್ಷೆ ನಡೆಸಲು, ಅದರ ವರದಿಯನ್ನು ಸಾರ್ವಜನಿಕರ ಮುಂದಿಡಲು ತಾವು ಸೂಚಿಸಬೇಕು. ಬಿತ್ತನೆ ನಿಷೇಧದ ಆದೇಶ ಮಾತ್ರ ಆ ವರದಿಗಾಗಿ ಕಾಯಬಾರದು.

ಇಂತಿ ತಮ್ಮ ವಿಶ್ವಾಸಿ,
ಕಾವೇರಿ ದಡದ ಒಬ್ಬ ನಾಗರಿಕ