ಎಂಟು ತಿಂಗಳಾದ ಮೇಲೆ ಬಾಯಿಬಿಟ್ಟೆ

ಕಳೆದ ಶನಿವಾರ ಬಾರ್ಸಿಲೋನಾದ ಒಂದು ಪುಟ್ಟ ಚರ್ಚಿನಲ್ಲಿ ನಮ್ಮ ಗುಂಪು ಹಾಡಿತು. ಹಿಂದಿನ ಸಾಲಿನಲ್ಲಿ ನಾನೂ ಇದ್ದೆ. ಎಂಟು ತಿಂಗಳಾಗಿತ್ತು ಹಾಡಿ. ಇಷ್ಟು ದಿನ ವಿಚಾರಿಸಿದ ನಿಮಗೆಲ್ಲ ಇಲ್ಲೇ ಒಟ್ಟಿಗೆ ಹೇಳಿಬಿಡುತ್ತೇನೆ.

ಗಂಟಲು ಕಟ್ಟಿದಾಗ ಮೊದಲು ತೋರಿಸಿದ ಡಾಕ್ಟರು ‘ಶೀತ, ಬಿಸಿನೀರು ಕುಡೀರಿ’ ಅಂದರು. ಎರಡು ತಿಂಗಳು ಕುಡಿದೆ. ಆಮೇಲೆ ಬೇರೆ ಕಡೆ ಹೋದಾಗ ಗೊತ್ತಾಯಿತು, ಧ್ವನಿತಂತುವಿನ ಮೇಲೆ ಗಂಟು. ಆಪರೇಷನ್ ಆಗಿ ಒಂದು ವಾರ ಪಿಸುಮಾತೂ ಕೂಡದು ಅಂದರು. ಅಮ್ಮ ಮೈಸೂರಿಂದ ವಿಡಿಯೋ ಕಾಲ್ ಮಾಡಿ ತಾನೊಬ್ಬಳೇ ಮಾತಾಡುತ್ತಿದ್ದಳು. ನಾನು ಮಗನ ಸ್ಲೇಟಿನಲ್ಲಿ ‘ಊಟ ಆಯ್ತು’ ಅಂತ ಬರೆದು ಹಿಡಿಯುತ್ತಿದ್ದೆ. ಅವಳಿಗೆ ಕನ್ನಡಕ ಸಿಗದ ದಿನ ಅಪ್ಪ ಓದಿ ಹೇಳೋರು. ಮೊದಲ ನಮಸ್ಕಾರ ಅವರಿಬ್ಬರಿಗೆ.

ಆಮೇಲೆ ನನ್ನ ಸ್ಪೀಚ್ ಥೆರಪಿಸ್ಟ್‌ಗೆ. ಲೋಟದ ನೀರಿಗೆ ಸ್ಟ್ರಾ ಇಳಿಸಿ, ‘ಊ’ ಅನ್ನುತ್ತಾ ಬುಳುಬುಳು ಗುಳ್ಳೆ ಎಬ್ಬಿಸಬೇಕು. ದಿನಾ ಅದೇ ಪಾಠ. ಮಗ ಹಾಲಿನಲ್ಲಿ ಇದನ್ನೇ ಮಾಡಿದಾಗ ಬೈದಿದ್ದೆ. ಈಗ ಅವನು ಎದುರು ಕೂತು ನಗುತ್ತಿದ್ದ.

ಹಾಡು ಕಲಿಸುವ ನಮ್ಮ ಮೇಡಂ ‘ಸುಮ್ನೆ ಕೇಳೋಕಾದ್ರೂ ಬಾ’ ಅಂದರು. ಈ ಸಲ ಅವರು ಆರಿಸಿದ್ದು ‘ಲ್ಯಿಬ್ರೆ ವರ್ಮೆಲ್’ ಹಾಡುಗಳನ್ನು. ಹಾಗಂದರೆ ಕೆಂಪು ಪುಸ್ತಕ. ಇಲ್ಲಿಗೆ ಹತ್ತಿರದ ಮೊನ್ಸರಾತ್ ಬೆಟ್ಟದ ಮಠದ್ದು, ಕಪ್ಪು ಮೇರಿಯ ವಿಗ್ರಹ ಇರುವ ಜಾಗ. 1399ರ ಸುಮಾರಿಗೆ ಬರೆದದ್ದು, ಉಳಿದಿರುವುದು 10 ಹಾಡು. ಯಾರು ಕಟ್ಟಿದರೋ, ಹೆಸರಿಲ್ಲ. ಬರೆದ ಕಾರಣ ಮಾತ್ರ ಅದರಲ್ಲೇ ಇದೆ. ಯಾತ್ರಿಕರಿಗೆ ರಾತ್ರಿ ಚರ್ಚಿನಲ್ಲಿ ಜಾಗರಣೆ ಮಾಡುವಾಗಲೂ, ಹಗಲು ಹೊರಗಿನ ಅಂಗಳದಲ್ಲೂ ಹಾಡಿ ಕುಣಿಯುವ ಆಸೆ. ಕುಣಿಯಲಿ, ಆದರೆ ಹಾಡು ಮರ್ಯಾದೆಯದ್ದಿರಲಿ, ಪ್ರಾರ್ಥನೆಗೆ ಕೂತವರಿಗೆ ತೊಂದರೆ ಆಗದಿರಲಿ ಅಂತ. ಮಾದಪ್ಪನ ಬೆಟ್ಟ ನೆನಪಾಗಿ ನಕ್ಕುಬಿಟ್ಟೆ.

1811ರಲ್ಲಿ ನೆಪೋಲಿಯನ್ನನ ಸೈನ್ಯ ಮಠ ಸುಟ್ಟಾಗ ಪುಸ್ತಕ ಅಲ್ಲಿರಲಿಲ್ಲ. ಮಾರ್ಕ್ವಿಸ್ ಅನ್ನೋ ಬಿರುದಿನ ಒಬ್ಬ ದೊಡ್ಡ ಮನುಷ್ಯ ಎರವಲು ಒಯ್ದಿದ್ದ. ಹಾಗಾಗಿ ಉಳಿಯಿತು, 1885ರಲ್ಲಿ ಮಠಕ್ಕೆ ಮರಳಿತು. ಒಯ್ದ ಪುಸ್ತಕ ವಾಪಸ್ ಕೊಡದವರನ್ನು ಜಾಸ್ತಿ ಬೈಯಬಾರದು, ಅಲ್ವಾ?

ನನ್ನನ್ನು ಮತ್ತೆ ಹಾಡಿಸಿದ್ದು ಅದರಲ್ಲಿನ ‘ಓ ವಿರ್ಗೋ ಸ್ಪ್ಲೆಂದೆನ್ಸ್’. ‘ಇಬ್ಬರಿಗೆ ಇಲ್ಲವೇ ಮೂವರಿಗೆ’ ಅಂತ ಹಾಡಿನ ಜೊತೆಗೇ ಬರೆದಿದೆ. ಇರುವುದು ಒಂದೇ ಧಾಟಿ. ಒಬ್ಬರು ಶುರುಮಾಡಿ ಸ್ವಲ್ಪ ಮುಂದೆ ಹೋಗುತ್ತಾರೆ, ಆಗ ಇನ್ನೊಬ್ಬರು ಅದನ್ನೇ ಮೊದಲಿಂದ ಎತ್ತಿಕೊಂಡು ಬೆನ್ನಟ್ಟುತ್ತಾರೆ. ಈ ಬಗೆಗೆ ಅಲ್ಲಿಟ್ಟ ಹೆಸರೂ ‘ಕಾಸಾ’, ಅಂದರೆ ಬೇಟೆ. ನಾನು ಉಸಿರು ಸಾಲದೆ ನಿಂತರೂ ಅದು ನಿಲ್ಲುವುದಿಲ್ಲ, ಪಕ್ಕದವರ ಬಾಯಲ್ಲಿ ಇರುತ್ತದೆ. ಶನಿವಾರ ಮೂರನೇ ಸಾಲಿಗೇ ನನ್ನ ದನಿ ಒಡೆಯಿತು. ಪಕ್ಕದಲ್ಲಿದ್ದ ಅಜ್ಜಿ ತಿರುಗಿಯೂ ನೋಡಲಿಲ್ಲ. ಸೇರಿಕೊಳ್ಳುವ ಜಾಗ ಬಂದಾಗ ಮೊಣಕೈಯಿಂದ ಮೆಲ್ಲಗೆ ತಿವಿದರು. ಸೇರಿಕೊಂಡೆ. ಆ ಮೊಣಕೈಗೆ, ಗುಂಪಿನ ಎಲ್ಲರಿಗೆ, ಆ ಹೆಸರಿಲ್ಲದವರಿಗೆ ನನ್ನ ನಮಸ್ಕಾರ.

ರೆಕಾರ್ಡಿಂಗ್ ಕಳಿಸಿದ್ದಕ್ಕೆ ಅಮ್ಮ ಫೋನ್ ಮಾಡಿದ್ದಳು. “ಚೆನ್ನಾಗಿದೆ ಪುಟ್ಟಿ. ಆದ್ರೆ ಇದ್ರಲ್ಲಿ ನಿನ್ನ ದನಿ ಯಾವ್ದು?”

ಮೂರು ಸಲ ಕೇಳಿದೆ. ನನಗೂ ಗೊತ್ತಾಗಲಿಲ್ಲ.