ಕಾಡಿಗೆ ಕಳಿಸಿದ ಮೇಲೆ ಏನು?

ಪ್ರೀತಿಯ ತಮ್ಮ,

ನಿನ್ನ ಕಥೆ ಓದಿದೆ. ಊರವರ ಬಾಯಿಗೆ ಹೆದರಿ ಹೆದರಿ ಸಾಕಾದ ನಾಯಕಿ ಕೊನೆಗೆ ಕಾಡು ಹೊಕ್ಕುತ್ತಾಳೆ, ಅಲ್ಲಿ ಗಾಳಿ, ಹಕ್ಕಿ, ಬೆಳಕು, ಅಲ್ಲಿಗೆ ಕಥೆ ಮುಗಿಯಿತು. ಅಮೆರಿಕದ ಲೇಖಕ ಹಾಥಾರ್ನ್ ಬರೆದ 'ದಿ ಸ್ಕಾರ್ಲೆಟ್ ಲೆಟರ್' ಓದಿದ ಮೇಲೆ ಇದು ಹೊಳೆಯಿತು ಅಂತ ಬೇರೆ ಹೇಳಿದ್ದೀಯ. ಸಂತೋಷ. ಆದರೆ ಆ ಕಾದಂಬರಿಯ ಕಾಡಿನಿಂದ ನೀನು ಬಿಸಿಲನ್ನಷ್ಟೇ ತಗೊಂಡೆ ಕಣಪ್ಪ, ಉಳಿದದ್ದನ್ನೆಲ್ಲ ಅಲ್ಲೇ ಬಿಟ್ಟು ಬಂದೆ.

ಆ ಬಿಸಿಲು ಎಷ್ಟು ತಡವಾಗಿ ಬರುತ್ತದೆ ನೋಡು. ಪುಸ್ತಕದಲ್ಲಿ 24 ಅಧ್ಯಾಯ. ನಾಯಕಿ ಹೆಸ್ಟರ್, ವ್ಯಭಿಚಾರದ ಶಿಕ್ಷೆಯಾಗಿ ಎದೆಯ ಮೇಲೆ ಧರಿಸಬೇಕಾಗಿದ್ದ ಕೆಂಪು 'A' ಅಕ್ಷರವನ್ನು ಕಾಡಿನಲ್ಲಿ ಕಿತ್ತೆಸೆದು, ಟೋಪಿ ತೆಗೆದು ಕೂದಲು ಬಿಚ್ಚುವುದು 18ನೆಯದರಲ್ಲಿ. ಅಷ್ಟರಲ್ಲಿ ಅವಳು ಅದನ್ನು ಹೊತ್ತು ಏಳು ವರ್ಷ ಆಗಿರುತ್ತದೆ. 1640ರ ದಶಕದ ಬಾಸ್ಟನ್ ಅದು. ಪಾದ್ರಿಯ ಮಾತಿಗೂ ನ್ಯಾಯಾಧೀಶನ ಮಾತಿಗೂ ಅಲ್ಲಿ ಜಾಸ್ತಿ ವ್ಯತ್ಯಾಸವಿಲ್ಲ, ಪಾಪವೂ ಅಪರಾಧವೂ ಒಂದೇ. ಜೈಲಿನ ಬಾಗಿಲು, ಸಂತೆಕಟ್ಟೆಯಲ್ಲಿ ಎಲ್ಲರ ಕಣ್ಣೆದುರು ನಿಲ್ಲಿಸುವ ಕಟ್ಟೆ, ಬೀದಿ ಮಕ್ಕಳ ಕೂಗು, ಇಷ್ಟನ್ನೂ ನಮ್ಮ ಮೇಲೆ ಹೇರಿದ ಮೇಲೇ ಹಾಥಾರ್ನ್ ಬಿಸಿಲು ಬಿಡುತ್ತಾನೆ. ಅದಕ್ಕೇ ಆ ಒಂದು ಪುಟದಲ್ಲಿ ನಮಗೂ ಉಸಿರು ಬಂದಂತಾಗುತ್ತದೆ. ನಿನ್ನ ಕಥೆಯಲ್ಲಿ ಊರು ಇರುವುದು ಎರಡೇ ಪ್ಯಾರಾ. ಉಸಿರು ಕಟ್ಟದವರಿಗೆ ಗಾಳಿ ಬೀಸಿದರೆ ಏನು ಗೊತ್ತಾಗುತ್ತೆ ಹೇಳು?

ಇನ್ನೊಂದು ವಿಷಯ. ಅವಳು ಎಸೆದ ಅಕ್ಷರ ತೊರೆಗೆ ಬೀಳುವುದಿಲ್ಲ. ಅಂಗೈಯಷ್ಟು ಮುಂದೆ ಬಿದ್ದಿದ್ದರೆ ನೀರು ಅದನ್ನು ಒಯ್ದುಬಿಡುತ್ತಿತ್ತು, ಆದರೆ ಅದು ದಡದಲ್ಲೇ ಬೀಳುತ್ತದೆ. ಆಮೇಲೆ ಮಗಳು ಪರ್ಲ್ ತೊರೆಯ ಆಚೆ ನಿಂತು, ತಾಯಿಯ ಬರಿದಾದ ಎದೆಯ ಕಡೆಗೆ ಬೆರಳು ತೋರಿಸಿ ಬರುವುದೇ ಇಲ್ಲ ಅಂತ ಹಟ ಹಿಡಿಯುತ್ತಾಳೆ. ಹುಟ್ಟಿದಾಗಿನಿಂದ ಆ ಅಕ್ಷರದ ಜೊತೆಗೇ ಅವಳು ಅಮ್ಮನನ್ನು ನೋಡಿದ್ದು, ಅದಿಲ್ಲದ ಈ ಹೆಂಗಸು ಯಾರು? ಹೆಸ್ಟರ್ ತಾನೇ ಹೋಗಿ ಅದನ್ನು ಎತ್ತಿಕೊಂಡು ಮತ್ತೆ ಎದೆಗೆ ಸಿಕ್ಕಿಸಿಕೊಳ್ಳುತ್ತಾಳೆ, ಕೂದಲನ್ನು ಮತ್ತೆ ಟೋಪಿಯೊಳಗೆ ತುರುಕುತ್ತಾಳೆ. ಬೈದದ್ದು ಪಾದ್ರಿಯಲ್ಲ, ನ್ಯಾಯಾಧೀಶನೂ ಅಲ್ಲ, ಅಷ್ಟು ಪ್ರೀತಿಸಿದ ಮಗು! ಇಡೀ ಪುಸ್ತಕದಲ್ಲಿ ನನಗೆ ಇದರಷ್ಟು ಕ್ರೂರವಾದ ಜಾಗ ಬೇರೆ ಕಾಣುವುದಿಲ್ಲ.

ಮತ್ತೆ, ಹೆಸ್ಟರ್ ಮತ್ತು ಅವಳ ಗುಟ್ಟಿನ ಪ್ರೇಮಿ, ಪರ್ಲ್‌ಳ ತಂದೆಯಾದ ಪಾದ್ರಿ ಡಿಮ್ಸ್‌ಡೇಲ್, ಇಬ್ಬರೂ ಓಡಿಹೋಗಲು ಆರಿಸಿಕೊಂಡದ್ದು ಎಲ್ಲಿಗೆ ಅಂತ ಗಮನಿಸಿದೆಯಾ? ಕಾಡಿಗಲ್ಲ. ಈ ದಾರಿ ಇನ್ನೂ ಒಳಗೆ ಹೋಗುತ್ತೆ, ಸ್ವಲ್ಪ ದೂರ ಹೋದರೆ ಬಿಳಿಯನ ಹೆಜ್ಜೆ ಗುರುತೇ ಇರುವುದಿಲ್ಲ ಅಂತ ಹೆಸ್ಟರ್ ಮೊದಲು ಹೇಳುತ್ತಾಳೇನೋ ನಿಜ. ಆದರೆ ಡಿಮ್ಸ್‌ಡೇಲ್‌ನ ಮೈಗೂ ಮನಸ್ಸಿಗೂ ಕಾಡಿನ ಕಷ್ಟ ಒಗ್ಗುವುದಿಲ್ಲ, ಹಳೇ ಯುರೋಪಿನ ಜನಸಂದಣಿಯೇ ವಾಸಿ ಅಂತ ತೀರ್ಮಾನವಾಗಿ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಹೋಗುವ ಹಡಗು ನೋಡುತ್ತಾರೆ. ಹಡಗು ಹೊರಡಲು ಇನ್ನೂ ಕೆಲವು ದಿನ ಇದೆ ಅಂತ ತಿಳಿದಾಗ ಈ ಪುಣ್ಯಾತ್ಮ ಖುಷಿಪಡುತ್ತಾನೆ. ಯಾಕೆ ಗೊತ್ತಾ? ಹೊಸ ಗವರ್ನರ್ ಅಧಿಕಾರ ವಹಿಸಿಕೊಳ್ಳುವ ಚುನಾವಣಾ ದಿನದ, ಪಾದ್ರಿಗೆ ದೊಡ್ಡ ಗೌರವವಾದ ಉಪದೇಶ ಮಾಡಿಯೇ ಹೋಗಬಹುದಲ್ಲ ಅಂತ! ಹೆಸರು ಕೆಡದ ಹಾಗೆ ಓಡಿಹೋಗಬೇಕು ಅವನಿಗೆ. ಕಾಡಿನಲ್ಲಿ ನಿಂತಿದ್ದರೂ ಊರು ಅವನ ತಲೆಯೊಳಗೇ ಇತ್ತು. ನಿನ್ನ ನಾಯಕಿಯ ತಲೆಯಲ್ಲಿ ಊರಿನ ಯಾವ ಮಾತು ಉಳಿದಿದೆ? ಒಂದಾದರೂ ಬರೆ.

ಕಾಡು ಎಲ್ಲರಿಗೂ ಒಂದೇ ಅಲ್ಲ ಅನ್ನುವುದನ್ನೂ ನೀನು ಬಿಟ್ಟಿದ್ದೀಯ. ಊರವರ ಪಾಲಿಗೆ ಅಲ್ಲಿ ಕಪ್ಪು ಮನುಷ್ಯ, ಅಂದರೆ ಸೈತಾನ, ದಪ್ಪ ಪುಸ್ತಕ ಹಿಡಿದು ರಕ್ತದಲ್ಲಿ ರುಜು ಹಾಕಿಸಿಕೊಳ್ಳುತ್ತಾನೆ. ಹೆಸ್ಟರ್‌ಳನ್ನು ಅಲ್ಲಿಗೆ ಕರೆಯುವ ಮಿಸ್ಟ್ರೆಸ್ ಹಿಬಿನ್ಸ್ ಸುಮ್ನೆ ಕಟ್ಟಿದ ಪಾತ್ರವಲ್ಲ, ಆ್ಯನ್ ಹಿಬಿನ್ಸ್ ಎಂಬ ಹೆಂಗಸನ್ನು ಮಾಟಗಾತಿಯೆಂದು 1656ರಲ್ಲಿ ಬಾಸ್ಟನ್‌ನಲ್ಲೇ ಗಲ್ಲಿಗೇರಿಸಿದ್ದರು. ಸೇಡಿಗೆ ಬಿದ್ದ, ಹೆಸ್ಟರ್‌ಳ ಗಂಡ ಚಿಲ್ಲಿಂಗ್‌ವರ್ತ್ ಗಿಡಮೂಲಿಕೆಯ ವಿದ್ಯೆ ಕಲಿತದ್ದೂ ಕಾಡಿನ ಮೂಲನಿವಾಸಿಗಳಿಂದಲೇ. ಅವರಿಗೆ ಅದು ಸ್ವಾತಂತ್ರ್ಯವೂ ಅಲ್ಲ, ಸೈತಾನನ ಜಾಗವೂ ಅಲ್ಲ, ಮನೆ. ಹಾಥಾರ್ನ್ ಆ ಮನೆಯೊಳಗೆ ಹೋಗಲೇ ಇಲ್ಲ ಅನ್ನುವುದು ನನ್ನ ತಕರಾರು. ಆಗ ಅಲ್ಲಿ ಆಳುತ್ತಿದ್ದ ಕಟ್ಟುನಿಟ್ಟಿನ ಕ್ರೈಸ್ತರಾದ ಪ್ಯೂರಿಟನ್ನರು ಹೊರಗಟ್ಟಿದ ಪಾದ್ರಿ ರೋಜರ್ ವಿಲಿಯಮ್ಸ್ 1636ರ ಚಳಿಯಲ್ಲಿ ಬದುಕಿ ಉಳಿದದ್ದು ವಾಂಪನೋಗ್ ಎಂಬ ಮೂಲನಿವಾಸಿ ಜನ ಇರಲು ಜಾಗ ಕೊಟ್ಟಿದ್ದರಿಂದ. ಮರಗಳು ಅವನಿಗೆ ಊಟ ಹಾಕಲಿಲ್ಲ.

ಪುರುಸೊತ್ತಾದರೆ ಅದೇ ಲೇಖಕನ 'ಯಂಗ್ ಗುಡ್‌ಮನ್ ಬ್ರೌನ್' ಓದು, 1835ರ ಸಣ್ಣ ಕಥೆ. ಅಲ್ಲಿ ಒಬ್ಬ ರಾತ್ರಿ ಕಾಡಿಗೆ ಹೋಗಿ, ಊರಿನ ಸಜ್ಜನರೆಲ್ಲ ಸೈತಾನನ ಸಭೆಯಲ್ಲಿ ಸೇರಿರುವುದನ್ನು ಕಾಣುತ್ತಾನೆ. ಕನಸೋ ನಿಜವೋ ಕೊನೆಗೂ ಹೇಳುವುದಿಲ್ಲ. ವಾಪಸ್ ಬಂದವನು ಸಾಯುವ ತನಕ ಹೆಂಡತಿಯನ್ನೂ ನಂಬಲಾರ. ಬಾಸ್ಟನ್ ಹತ್ತಿರದ ಸೇಲಂ ಊರಿನಲ್ಲಿ 1692ರ ಮಾಟಗಾತಿ ವಿಚಾರಣೆ ನಡೆಸಿದವರಲ್ಲಿ ಹಾಥಾರ್ನ್‌ನ ಪೂರ್ವಜನೂ ಒಬ್ಬ. ಹಾಗಾಗಿ ಅವನಿಗೆ ಕಾಡನ್ನು ಪೂರ್ತಿ ನಂಬಲೂ ಆಗಲಿಲ್ಲ, ಊರನ್ನು ಕ್ಷಮಿಸಲೂ ಆಗಲಿಲ್ಲ ಅನ್ನಿಸುತ್ತೆ.

ಈಗ ನಿನ್ನ ಕೆಲಸ. ಕೊನೆಯ ಬೆಳಕಿನ ಪ್ಯಾರಾ ಹಾಗೇ ಇರಲಿ, ಚೆನ್ನಾಗಿದೆ. ಅದರ ಮುಂದೆ ಮೂರನೇ ದಿನ ಬರೆ. ಅವಳಿಗೆ ಹಸಿವಾಗಿದೆ, ಯಾರದೋ ಕಾಲುದಾರಿ ಕಾಣುತ್ತಿದೆ, ಆ ದಾರಿ ಮಾಡಿದವರು ಎದುರಾಗುತ್ತಾರೆ. ಅವರಿಗೆ ಅವಳು ತನ್ನ ಹೆಸರು ಏನಂತ ಹೇಳುತ್ತಾಳೆ? ಬರೆದು ಕಳಿಸು, ಅವಸರವೇನಿಲ್ಲ.

ನಿನ್ನ ಅಣ್ಣ