ಸಾಫ್ಟ್‌ಬಾಲ್ ತಂಡವನ್ನು ಮೂರು ವಾರದಲ್ಲಿ ಕಟ್ಟಬೇಡಿ

ಮಾನ್ಯ ಸಂಪಾದಕರೇ,

ಪುಣೆಯ ಕಾಲೇಜುಗಳಲ್ಲಿ ಪ್ರವೇಶದ ಗಡಿಬಿಡಿ ಮುಗಿಯುತ್ತ ಬಂದಿದೆ. ಇನ್ನು ಜಿಮ್‌ಖಾನಾದ (ಕಾಲೇಜಿನ ಕ್ರೀಡಾ ವಿಭಾಗದ) ಫಲಕದ ಮೇಲೆ ಆಟಗಳ ಆಯ್ಕೆಯ ಚೀಟಿಗಳು ಒಂದೊಂದಾಗಿ ಅಂಟಿಕೊಳ್ಳುತ್ತವೆ: ಕಬಡ್ಡಿ, ಖೋಖೋ, ವಾಲಿಬಾಲ್. ಹುಡುಗಿಯರ ಸಾಫ್ಟ್‌ಬಾಲ್ ಚೀಟಿ ಮಾತ್ರ ಅನೇಕ ಕಡೆ ಎಲ್ಲಕ್ಕಿಂತ ಕೊನೆಗೆ, ಅಂತರಕಾಲೇಜು ಪಂದ್ಯಾವಳಿಗೆ ಮೂರು ವಾರ ಉಳಿದಾಗ ಕಾಣಿಸಿಕೊಳ್ಳುತ್ತದೆ. ಕಬಡ್ಡಿಯಿಂದ ಇಬ್ಬರು, ಹ್ಯಾಂಡ್‌ಬಾಲ್‌ನಿಂದ ಮೂವರು, ಗಲ್ಲಿಯಲ್ಲಿ ಕ್ರಿಕೆಟ್ ಆಡಿದವರು ನಾಲ್ವರು ಎಂದು ತಲೆ ಎಣಿಸಿ ಒಂಬತ್ತು ಮಾಡಿದರೆ ತಂಡ ಸಿದ್ಧ. ಈ ಪದ್ಧತಿ ನಿಲ್ಲಬೇಕು, ಜೂನ್-ಜುಲೈನಲ್ಲೇ ಆಯ್ಕೆ ಆಗಬೇಕು ಎಂದು ಕೇಳಲು ಈ ಪತ್ರ. ಮಗಳ ಹೆಸರು ಕೊಡಲು ಹಿಂದೆಮುಂದೆ ನೋಡುತ್ತಿರುವ ಇಲ್ಲಿನ ಕನ್ನಡ ಮನೆಗಳಿಗೂ ಒಂದೆರಡು ಮಾತು ಹೇಳುವುದಿದೆ.

ಒಂಬತ್ತರಲ್ಲಿ ಏಳು ಜನರನ್ನು ಮೂರು ವಾರದಲ್ಲಿ ಹೇಗೋ ತಯಾರು ಮಾಡಬಹುದು, ಸುಳ್ಳಲ್ಲ. ಉಳಿದ ಇಬ್ಬರು, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವ ಪಿಚರ್ ಮತ್ತು ಬ್ಯಾಟರ್ ಹಿಂದೆ ಕೂತು ಅದನ್ನು ಹಿಡಿಯುವ ಕ್ಯಾಚರ್, ಅಷ್ಟು ಬೇಗ ಆಗುವವರಲ್ಲ. ಏಳು ಇನಿಂಗ್ಸ್‌ನ ಆಟದಲ್ಲಿ ಒಂದೊಂದು ಚೆಂಡೂ ಶುರುವಾಗುವುದು ಇವರಿಬ್ಬರ ನಡುವೆ. ಕಾಲೇಜುಗಳನ್ನು ಕೇಳಿದರೆ ಮಳೆಯತ್ತ ಕೈ ತೋರಿಸುತ್ತಾರೆ. ಸೆಪ್ಟೆಂಬರ್ ಮುಗಿಯುವ ತನಕ ಪುಣೆಯ ಮೈದಾನಗಳು ಕೆಸರು ಎನ್ನುವುದು ನಿಜವೇ. ಆದರೆ ಪಿಚಿಂಗ್ ಕಲಿಯಲು ಮೈದಾನವೇ ಏಕೆ ಬೇಕು? ಪಿಚರ್ ಪ್ಲೇಟಿನ (ಪಿಚರ್ ಕಾಲಿಟ್ಟು ಎಸೆಯುವ ಪಟ್ಟಿಯ) ಮುಂದಿನ ಅಂಚಿನಿಂದ ಹೋಮ್ ಪ್ಲೇಟಿನ (ಬ್ಯಾಟರ್ ಪಕ್ಕದ ನೆಲದ ಫಲಕದ) ಹಿಂದಿನ ಮೂಲೆಗೆ 43 ಅಡಿ, ಅಂದರೆ 13.11 ಮೀಟರ್. ಎರಡೂ ಕಡೆ ನಾಲ್ಕೈದು ಅಡಿ ಬಿಟ್ಟರೂ ದ್ವಿಚಕ್ರ ವಾಹನಗಳ ಪಾರ್ಕಿಂಗ್ ಅಥವಾ ಸಭಾಂಗಣದ ಪಕ್ಕದ ಉದ್ದನೆಯ ಪಡಸಾಲೆ ಸಾಕು. ಗೋಡೆಗೆ ಒಂದು ಹಳೆಯ ಜಿಮ್ನಾಸ್ಟಿಕ್ ಮ್ಯಾಟ್ ನಿಲ್ಲಿಸಿದರೆ ಆಯಿತು.

ಮೊದಲ ವಾರ ಕೇವಲ ಮಣಿಕಟ್ಟು. ಮ್ಯಾಟಿನಿಂದ ಮೂರು ಮೀಟರ್ ದೂರದಲ್ಲಿ ಅಡ್ಡವಾಗಿ ನಿಂತು, ತೋಳನ್ನು ಕೆಳಗೆ ಬಿಟ್ಟು, ತೊಡೆಯ ಪಕ್ಕದಿಂದ ಬರೀ ಮಣಿಕಟ್ಟಿನ ಚಿಮ್ಮಿನಲ್ಲಿ ದಿನಕ್ಕೆ ಸುಮಾರು ನಲವತ್ತು ಚೆಂಡು. ಚೆಂಡಿನ ಸುತ್ತ ಕಪ್ಪು ಟೇಪು ಸುತ್ತಿದರೆ ಅದು ನೇರ ಉರುಳುತ್ತಿದೆಯೋ ಓಲಾಡುತ್ತಿದೆಯೋ ಕಣ್ಣಿಗೇ ಗೊತ್ತಾಗುತ್ತದೆ. ಎರಡನೆಯ, ಮೂರನೆಯ ವಾರ ದೂರ ಆರು ಮೀಟರ್. ತೋಳನ್ನು ಹಿಂದಕ್ಕೆ ಎತ್ತಿ ಅಲ್ಲಿಂದ ಕೆಳಗೆ ತರುವುದು. ನಾಲ್ಕನೆಯ ವಾರದಿಂದ ತೋಳಿನ ಪೂರ್ತಿ ಸುತ್ತು, ಒಂಬತ್ತು ಮೀಟರ್‌ನಿಂದ. 13.11 ಮೀಟರ್‌ಗೆ ಹೋಗುವುದು ಏಳೆಂಟು ವಾರವಾದ ಮೇಲೆ. ಈ ಲೆಕ್ಕ ನೋಡಿದರೆ ಮೂರು ವಾರದ ತಂಡದಲ್ಲಿ ಪಿಚರ್ ಏಕೆ ಇರುವುದಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ತಪ್ಪು ಎಲ್ಲಿದೆ ಎಂದು ಚೆಂಡೇ ಹೇಳುತ್ತದೆ. ಬ್ಯಾಟರ್ ತಲೆಯ ಮೇಲೆ ಹೋದರೆ ಬಿಟ್ಟದ್ದು ತಡವಾಯಿತು. ಪ್ಲೇಟಿನ ಮುಂದೆ ನೆಲಕ್ಕೆ ಬಡಿದರೆ ಬೇಗ ಬಿಟ್ಟಾಯಿತು. ಪಕ್ಕಕ್ಕೆ ಸರಿದರೆ ತೋಳು ಮೈಯಿಂದ ದೂರ ಸುತ್ತುತ್ತಿದೆ, ಇಲ್ಲವೇ ಮುಂದಿಟ್ಟ ಹೆಜ್ಜೆ ಹೋಮ್ ಪ್ಲೇಟಿನ ನೇರಕ್ಕೆ ಬಿದ್ದಿಲ್ಲ. ವೇಗ ಸಾಲದು ಎಂದಾಗ ಅಂಚಿನಲ್ಲಿ ನಿಂತವರು ‘ಕೈಗೆ ಜೋರು ಹಾಕು’ ಎಂದು ಕೂಗುತ್ತಾರೆ. ಇದಕ್ಕಿಂತ ಕೆಟ್ಟ ಸಲಹೆ ಇಲ್ಲ. ವೇಗ ಬರುವುದು ಹಿಂದಿನ ಕಾಲು ಪಿಚರ್ ಪ್ಲೇಟನ್ನು ಒದೆಯುವುದರಿಂದ. ತೋಳು ಸಡಿಲವಾಗಿ ಅದರ ಬೆನ್ನು ಹತ್ತಬೇಕು ಅಷ್ಟೇ. ಮೊದಲ ವರ್ಷ ನೇರ ಚೆಂಡು ಮತ್ತು ಚೇಂಜ್‌ಅಪ್ ಎರಡೇ ಸಾಕು. ಚೇಂಜ್‌ಅಪ್‌ಗೆ ತೋಳಿನ ವೇಗ ಅದೇ ಇರಬೇಕು. ಚೆಂಡನ್ನು ಬೆರಳ ತುದಿಯ ಬದಲು ಅಂಗೈಯೊಳಗೆ ಒತ್ತಿ ಹಿಡಿಯುವುದರಿಂದ ಅದು ನಿಧಾನವಾಗುತ್ತದೆ. ಮೊಬೈಲ್ ನೋಡಿ ರೈಸ್‌ಬಾಲ್ (ಮೇಲಕ್ಕೇಳುವಂತೆ ಕಾಣುವ ಚೆಂಡು) ಕಲಿಯಲು ಹೊರಟರೆ ಸೊಂಟ ಹಿಂದಕ್ಕೆ ಬಾಗುವ ಚಟ ಹತ್ತಿ, ಇದ್ದ ನೇರ ಚೆಂಡೂ ಕೈತಪ್ಪುತ್ತದೆ.

ಕೆಳಗಿನಿಂದ ಎಸೆಯುವುದಲ್ಲವೇ, ಭುಜಕ್ಕೆ ಏನಾಗುತ್ತದೆ ಎಂಬ ಮಾತು ತರಬೇತುದಾರರ ಬಾಯಲ್ಲೂ ಕೇಳುತ್ತದೆ. ಆಗುತ್ತದೆ. ತೋಳು ಪೂರ್ತಿ ಸುತ್ತಿ ಬಂದು ಒಮ್ಮೆಲೇ ನಿಲ್ಲುವಾಗ ಭುಜದ ಮುಂಭಾಗದಲ್ಲಿ, ತೋಳಿನ ಸ್ನಾಯು ಎಲುಬಿಗೆ ಅಂಟುವ ಕಡೆ ಎಳೆತ ಬೀಳುತ್ತದೆ. ಇನಿಂಗ್ಸ್‌ಗೆ ಹದಿನೈದು ಚೆಂಡು ಎಂದರೂ ಒಂದು ಪಂದ್ಯಕ್ಕೆ ನೂರು ದಾಟಿತು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಪಂದ್ಯ ಇಟ್ಟು ಇರುವ ಒಬ್ಬಳೇ ಪಿಚರ್ ಕೈಲಿ ಇನ್ನೂರು ಹಾಕಿಸಿದ ಮರುದಿನ ಅವಳಿಗೆ ಜಡೆ ಹೆಣೆದುಕೊಳ್ಳಲು ಕೈ ಮೇಲೆ ಏಳುವುದಿಲ್ಲ. ನಾವು ಪಾಲಿಸುವ ಮಿತಿ ದಿನಕ್ಕೆ ನೂರರ ಆಸುಪಾಸು. ಭುಜದ ಮುಂದೆ ನೋವಿದ್ದರೆ ಆ ದಿನ ಚೆಂಡೇ ಮುಟ್ಟುವಂತಿಲ್ಲ. ಹೀಗಾಗಿ ತಂಡಕ್ಕೆ ಇಬ್ಬರು ಪಿಚರ್ ಬೇಕೇಬೇಕು, ಮೂರನೆಯವಳು ಕಲಿಯುತ್ತಿರಬೇಕು. ಸ್ಕೋರ್ ಬರೆಯುವವಳ ಪುಸ್ತಕದ ಅಂಚಿನಲ್ಲಿ ಚೆಂಡಿಗೊಂದು ಗೆರೆ ಎಳೆಯಿಸಿ; ಖರ್ಚಿಲ್ಲದ ಕೆಲಸ.

ಕ್ಯಾಚರ್ ವಿಷಯ. ಗಂಟೆಗೆ 90 ಕಿ.ಮೀ. ವೇಗದ ಚೆಂಡು ಪಿಚರ್ ಕೈ ಬಿಟ್ಟು ಪ್ಲೇಟು ತಲುಪಲು ಅರ್ಧ ಸೆಕೆಂಡೂ ಹಿಡಿಯುವುದಿಲ್ಲ. ‘ಸಾಫ್ಟ್’ ಎಂಬ ಹೆಸರನ್ನು ಯಾರೂ ನಂಬಬೇಡಿ. ಮಹಿಳಾ ಕ್ರಿಕೆಟ್ ಚೆಂಡು 140ರಿಂದ 151 ಗ್ರಾಂ. ಈ ಚೆಂಡು 178ರಿಂದ 198 ಗ್ರಾಂ, ಸುತ್ತಳತೆ 12 ಇಂಚು. ಅಂಥದ್ದರ ಮುಂದೆ ಕೂರುವವಳಿಗೆ ಗಂಟಲಿನ ತಡೆ ಇರುವ ಮುಖಗವಸು, ಹೆಲ್ಮೆಟ್, ಎದೆಗವಚ, ಮೊಣಕಾಲಿನಿಂದ ಪಾದದವರೆಗಿನ ಕಾಲ್ಗವಚ ಇಷ್ಟೂ ಬೇಕು. ಕಾಲ್ಗವಚದ ಕೊಕ್ಕೆಗಳು ಹೊರಬದಿಗೆ ಬರುವಂತೆ ಕಟ್ಟಬೇಕು. ಒಳಬದಿಗೆ ಕಟ್ಟಿದರೆ ಓಡುವಾಗ ಒಂದಕ್ಕೊಂದು ಸಿಕ್ಕಿಕೊಂಡು ಮುಗ್ಗರಿಸುತ್ತಾಳೆ. ಗ್ಲೌಸ್ ಇಲ್ಲದ ಕೈ ಬೆನ್ನ ಹಿಂದೆ ಅಥವಾ ಹಿಮ್ಮಡಿಯ ಹಿಂದೆ ಇರಬೇಕು. ಬ್ಯಾಟಿನ ಅಂಚಿಗೆ ಸವರಿದ ಚೆಂಡು ಮೊದಲು ಹುಡುಕುವುದು ಆ ಕೈಯ ಬೆರಳನ್ನೇ. ನೆಲಕ್ಕೆ ಬಿದ್ದ ಚೆಂಡನ್ನು ಹಿಡಿಯಲು ಹೋಗಬಾರದು, ತಡೆಯಬೇಕು: ಎರಡೂ ಮೊಣಕಾಲು ಊರಿ, ಗದ್ದ ಎದೆಗೆ ಒತ್ತಿ, ಹೆಗಲು ಮುಂದಕ್ಕೆ ಬಾಗಿಸಿದರೆ ಚೆಂಡು ಎದೆಗೆ ತಾಗಿ ಅಲ್ಲೇ ಎದುರಿಗೆ ಬೀಳುತ್ತದೆ. ಮಳೆಗಾಲದ ಎರಡು ತಿಂಗಳು ಇದನ್ನು ಟೆನಿಸ್ ಚೆಂಡಿನಲ್ಲಿ, ಮ್ಯಾಟಿನ ಮೇಲೆ ಕಲಿಸಬಹುದು. ಕಾಲೇಜು ಮಟ್ಟದಲ್ಲಿ ಎಷ್ಟೋ ರನ್ನುಗಳು ಹೊಡೆತದಿಂದ ಬರುವುದಿಲ್ಲ, ಕ್ಯಾಚರ್ ಹಿಂದೆ ಉರುಳಿಹೋದ ಚೆಂಡಿನಿಂದ ಬರುತ್ತವೆ.

ಮಳೆಯಿಂದ ಒಂದು ಉಪಕಾರವೂ ಇದೆ. ಸ್ಲೈಡಿಂಗ್, ಅಂದರೆ ಓಡುತ್ತ ಬಂದು ಬೇಸ್‌ಗೆ (ರನ್ನಿಗಾಗಿ ಮುಟ್ಟಬೇಕಾದ ನಿಲ್ದಾಣಕ್ಕೆ) ಜಾರಿ ತಲುಪುವುದನ್ನು ಕಲಿಸಲು ಒದ್ದೆ ಹುಲ್ಲಿನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಹುಲ್ಲಿನ ಮೇಲೆ ತಾಡಪತ್ರಿ ಹಾಸಿ, ನೀರು ಸೋಪು ಚೆಲ್ಲಿ, ಬೂಟು ಬಿಚ್ಚಿ ಕಾಲುಚೀಲದಲ್ಲಿ ಓಡಿಸಿ. ಬೇಸ್‌ಗೆ ಎರಡೂವರೆಯಿಂದ ಮೂರು ಮೀಟರ್ ಇರುವಾಗಲೇ ಕೂರುವ ಹಾಗೆ ಜಾರಬೇಕು. ಒಂದು ಕಾಲು ಮಡಿಚಿ ಕೆಳಗೆ, ಇನ್ನೊಂದು ನೀಳವಾಗಿ ಬೇಸ್ ಕಡೆ, ನೋಡಲು ಅಂಕಿ 4ರ ಹಾಗೆ. (ಕನ್ನಡದ ೪ರ ಹಾಗೆ ಮಡಿಚಲು ಹೋದರೆ ಮೂಳೆ ಡಾಕ್ಟರೇ ಗತಿ.) ಗದ್ದ ಎದೆಗೆ, ಎರಡೂ ಮುಷ್ಟಿ ಮೇಲಕ್ಕೆ. ಮುಷ್ಟಿಯಲ್ಲಿ ಒಂದೊಂದು ಹಿಡಿ ಹುಲ್ಲು ಕೊಟ್ಟು ‘ಇದನ್ನು ಬಿಡಬೇಡ’ ಎಂದರೆ ಅಂಗೈ ಊರುವ ಅಭ್ಯಾಸ ತಪ್ಪುತ್ತದೆ, ಮಣಿಕಟ್ಟು ಉಳಿಯುತ್ತದೆ. ಮನಸ್ಸು ಅರ್ಧಂಬರ್ಧವಾಗಿ ತಡವಾಗಿ ಜಾರಿದಾಗಲೇ ಪಾದ ಬೇಸ್‌ಗೆ ಸಿಕ್ಕಿ ಉಳುಕುವುದು. ಅಕ್ಟೋಬರ್‌ನ ಒಣಗಿದ ಗಟ್ಟಿ ನೆಲದ ಮೇಲೆ ಮೊದಲ ಸಲ ಸ್ಲೈಡ್ ಮಾಡಿಸುವ ಕಾಲೇಜುಗಳಿಗೆ ಏನು ಹೇಳುವುದು!

ಕ್ರಿಕೆಟ್‌ನಿಂದ ಬಂದ ಹುಡುಗಿಯರ ಕೈ ಚುರುಕು, ಅನುಮಾನವಿಲ್ಲ. ಆದರೆ ಕಲಿತದ್ದನ್ನು ಮರೆಸುವುದೇ ಕಷ್ಟ. ಬ್ಯಾಟು (ಇಲ್ಲಿನ ಆಟಗಾರ್ತಿಯರ ಬಾಯಲ್ಲಿ ‘ಸ್ಲಗ್ಗರ್’) ಹಿಡಿದುಕೊಂಡೇ ಓಡುತ್ತಾರೆ. ಅದನ್ನು ಅಲ್ಲೇ ಕೆಳಗೆ ಬಿಡಬೇಕು, ಎಸೆಯಲೂ ಬಾರದು. ರನ್ನರ್ ತುದಿಯಲ್ಲಿ ನಿಂತವರಂತೆ ಬೇಸ್ ಬಿಟ್ಟು ಮುಂದೆ ಸರಿಯುತ್ತಾರೆ. ಪಿಚರ್ ಕೈಯಿಂದ ಚೆಂಡು ಹೊರಡುವ ಮೊದಲು ಬೇಸ್ ಬಿಟ್ಟವಳು ಔಟ್. ಮೂರನೆಯ ಸ್ಟ್ರೈಕ್ (ಬೀಸಿ ತಪ್ಪಿದ, ಇಲ್ಲವೇ ಹೊಡೆಯಬೇಕಿದ್ದೂ ಬಿಟ್ಟ ಚೆಂಡು) ಆದೊಡನೆ ಔಟೆಂದು ತಲೆ ತಗ್ಗಿಸಿ ಹೊರಡುತ್ತಾರೆ. ಕ್ಯಾಚರ್ ಆ ಚೆಂಡನ್ನು ಹಿಡಿಯದೆ ಕೈಬಿಟ್ಟಿದ್ದರೆ, ಮೊದಲ ಬೇಸ್ ಖಾಲಿ ಇದ್ದಾಗ ಅಥವಾ ಆಗಲೇ ಇಬ್ಬರು ಔಟಾಗಿದ್ದಾಗ, ಅವಳು ಓಡಿ ಬೇಸ್ ಗೆಲ್ಲಬಹುದಿತ್ತು. ಬಂಟ್ ಮಾತ್ರ ಅವರಿಗೆ ಬೇಗ ಬರುತ್ತದೆ. (ಬಂಟ್ ಎಂದರೆ ಬ್ಯಾಟು ಬೀಸದೆ ಚೆಂಡನ್ನು ಮೆಲ್ಲಗೆ ಮುಂದೆ ಕೆಡವುವುದು, ಮುಂಬೈ-ಪುಣೆಯ ಬಂಟ ಬಂಧುಗಳಿಗೂ ಇದಕ್ಕೂ ನಂಟಿಲ್ಲ.) ಇನ್ನೊಂದು ಅಪಾಯ ಭಾಷೆಯದು. ಎತ್ತರಕ್ಕೆ ಹಾರಿದ ಚೆಂಡಿನ ಕೆಳಗೆ ಒಬ್ಬಳು ಮರಾಠಿಯಲ್ಲಿ ‘ಮಾಝಾ’ (ನನ್ನದು) ಎನ್ನುತ್ತಾಳೆ, ಇನ್ನೊಬ್ಬಳು ‘ನಂದು’ ಎನ್ನುತ್ತಾಳೆ, ಇಬ್ಬರೂ ಆಕಾಶ ನೋಡುತ್ತ ಓಡಿಬಂದು ಡಿಕ್ಕಿ ಹೊಡೆಯುತ್ತಾರೆ. ಯಾವ ಭಾಷೆಯದೇ ಇರಲಿ, ತಂಡಕ್ಕೆಲ್ಲ ಒಂದೇ ಕೂಗು ಮೊದಲ ದಿನವೇ ಗೊತ್ತು ಮಾಡಿ.

ಮೈದಾನ ಗುರುತಿಸಲು ಎರಡು ಹಗ್ಗ ಸಾಕು, ಅಂದಾಜಿನ ಹೆಜ್ಜೆ ಬೇಡ. ಹೋಮ್ ಪ್ಲೇಟಿನ ಹಿಂದಿನ ಮೂಲೆಗೆ ಗೂಟ ಹೊಡೆದು 25.86 ಮೀಟರ್ ಅಳೆದರೆ ಎರಡನೆಯ ಬೇಸ್. ಆಮೇಲೆ 36.58 ಮೀಟರ್ ಹಗ್ಗದ ಎರಡು ತುದಿಗಳನ್ನು ಈ ಎರಡು ಗೂಟಗಳಿಗೆ ಕಟ್ಟಿ, ನಟ್ಟನಡುವಿನ ಗಂಟನ್ನು ಬಲಕ್ಕೆ ಬಿಗಿಯಾಗಿ ಎಳೆದರೆ ಮೊದಲ ಬೇಸ್, ಎಡಕ್ಕೆ ಎಳೆದರೆ ಮೂರನೆಯದು. ಪಿಚರ್ ಪ್ಲೇಟನ್ನು ಮೊದಲ-ಮೂರನೆಯ ಬೇಸ್‌ಗಳ ನೇರಕ್ಕೆ ಇಡುವ ತಪ್ಪು ಬಹಳ ಕಡೆ ಕಾಣುತ್ತದೆ. ಅದರ ಮುಂದಿನ ಅಂಚು ಆ ರೇಖೆಗಿಂತ 18 ಸೆಂ.ಮೀ. ಹಿಂದೆ, ಎರಡನೆಯ ಬೇಸ್ ಕಡೆಗೆ ಇರಬೇಕು. ಗೇಣಿಗಿಂತ ಕಡಿಮೆ, ನಿಜ. ಆದರೆ ಕಾಲೇಜಿನಲ್ಲಿ ಒಂದು ದೂರಕ್ಕೆ ಪಳಗಿದ ಕೈ ಪಂದ್ಯದ ದಿನ ಇನ್ನೊಂದು ದೂರದಲ್ಲಿ ತಡವರಿಸುತ್ತದೆ. ಮೊದಲ ಬೇಸ್ ಜೋಡಿಬೇಸ್ ಆಗಿರಲಿ: ಬಿಳಿ ಭಾಗ ಫೀಲ್ಡರ್‌ಗೆ, ಕಿತ್ತಳೆ ಭಾಗ ಓಡಿಬರುವವಳಿಗೆ. ಇದೊಂದಿದ್ದರೆ ಕಾಲು ತುಳಿದಾಟ ಎಷ್ಟೋ ತಪ್ಪುತ್ತದೆ.

ಸಾಮಾನಿನ ಬಗ್ಗೆ ಹೆಚ್ಚು ಬೇಡ. 32 ಅಥವಾ 33 ಇಂಚಿನ, 650ರಿಂದ 710 ಗ್ರಾಂ ತೂಗುವ ಸ್ಲಗ್ಗರ್ ಬಹುತೇಕ ಹುಡುಗಿಯರಿಗೆ ಒಗ್ಗುತ್ತದೆ. ಹುಡುಗರ ತಂಡದ ಹಳೆಯ ಭಾರದ್ದನ್ನು ದಾನ ಕೊಡಬೇಡಿ. ಎಡಗೈಯವಳು ತಂಡದಲ್ಲಿದ್ದರೆ ಬಲಗೈಗೆ ಹಾಕುವ ಗ್ಲೌಸ್ ಒಂದನ್ನು ಬೇರೆ ತರಿಸಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಹೊಸ ಗ್ಲೌಸ್ ಬಿರುಸಾಗಿದ್ದರೆ ನಡುವೆ ಚೆಂಡಿಟ್ಟು ರಾತ್ರಿಯಿಡೀ ದಾರದಿಂದ ಕಟ್ಟಿಡಿ. ಮೆದುವಾಗಲೆಂದು ಕೊಬ್ಬರಿ ಎಣ್ಣೆ ಸುರಿದರೆ ಚರ್ಮ ಭಾರವಾಗಿ ಜೋಲುತ್ತದೆ. ಮಳೆಗೆ ನೆನೆದದ್ದನ್ನು ಒರೆಸಿ, ಒಳಗೆ ಪತ್ರಿಕೆಯ ಕಾಗದ ತುರುಕಿ ನೆರಳಿನಲ್ಲಿ ಆರಿಸಿ. ಒದ್ದೆಯಾಗಿಯೇ ಕಿಟ್‌ಬ್ಯಾಗಿಗೆ ಸೇರಿಸಿದರೆ ಬೂಷ್ಟು ಖಂಡಿತ.

ಇನ್ನು ಮನೆಯವರಿಗೆ. ಒಲಿಂಪಿಕ್ಸ್‌ನಲ್ಲೇ ಇಲ್ಲದ ಆಟ ಆಡಿ ಏನು ಪ್ರಯೋಜನ ಎಂಬ ಪ್ರಶ್ನೆ ಬರುತ್ತದೆ. 1996ರಿಂದ 2008ರವರೆಗೆ ಇತ್ತು, 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿತ್ತು, ಪ್ಯಾರಿಸ್‌ನಲ್ಲಿ ಇರಲಿಲ್ಲ, 2028ರ ಲಾಸ್ ಏಂಜಲೀಸ್ ಕೂಟಕ್ಕೆ ಮತ್ತೆ ಬರುತ್ತಿದೆ. ಅದಕ್ಕಿಂತ ಹತ್ತಿರದ ಮಾತೆಂದರೆ ಮಹಾರಾಷ್ಟ್ರ ಸರ್ಕಾರಿ ನೌಕರಿಯಲ್ಲಿ ಅರ್ಹ ಕ್ರೀಡಾಪಟುಗಳಿಗಿರುವ ಶೇ. 5ರ ಮೀಸಲಾತಿ. ಅದಕ್ಕೆ ಕ್ರೀಡಾ ಪ್ರಮಾಣಪತ್ರದ ಪಡತಾಳಣಿ (ಪರಿಶೀಲನೆ) ಆಗಬೇಕು, ಕನ್ನಡ ಮನೆಗಳ ಹುಡುಗಿಯರು ಎಡವುವುದು ಇಲ್ಲಿಯೇ. ಕರ್ನಾಟಕದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಎಷ್ಟೋ ಸಲ ಬರೀ ಇನಿಷಿಯಲ್ ಇರುತ್ತದೆ. ಇಲ್ಲಿನ ಕಾಲೇಜಿನ ಅರ್ಜಿಯಲ್ಲಿ ಅಡ್ಡಹೆಸರು (ಸರ್‌ನೇಮ್), ಸ್ವಂತ ಹೆಸರು, ತಂದೆಯ ಹೆಸರು ಎಂಬ ಕ್ರಮ. ಗುಮಾಸ್ತರು ಕೇಳಿದಾಗ ಊರ ಹೆಸರನ್ನೋ ಮನೆತನದ ಹೆಸರನ್ನೋ ಒಂದು ಕಡೆ ಬರೆಸಿ, ಇನ್ನೊಂದು ಕಡೆ ತಂದೆಯ ಹೆಸರನ್ನೇ ಅಡ್ಡಹೆಸರಾಗಿಸಿದರೆ ಗುರುತಿನ ಚೀಟಿಯಲ್ಲೊಂದು, ಪಂದ್ಯಾವಳಿಯ ಅರ್ಹತಾ ಪತ್ರದಲ್ಲೊಂದು, ಪದಕದ ಪ್ರಮಾಣಪತ್ರದಲ್ಲಿ ಮತ್ತೊಂದು ಹೆಸರಾಗುತ್ತದೆ. ಆಟವಾಡಿದ್ದು ಒಬ್ಬಳೇ ಎಂದು ಸಾಬೀತು ಮಾಡಲು ಮುಂದೆ ಅಫಿಡವಿಟ್, ಗೆಜೆಟ್ ಎಂದು ಅಲೆಯಬೇಕು. ಪ್ರವೇಶದ ದಿನವೇ ಅಂಕಪಟ್ಟಿ ಮುಂದಿಟ್ಟುಕೊಂಡು ಎಲ್ಲ ಕಡೆ ಒಂದೇ ಕಾಗುಣಿತ ಬರೆಸಿ. ಅರ್ಹತಾ ಪತ್ರಕ್ಕೆ ಪ್ರಾಂಶುಪಾಲರ ಮೊಹರು ಬೀಳುವ ಮೊದಲು ಹುಡುಗಿಯೇ ಅದನ್ನೊಮ್ಮೆ ಓದಲಿ, ಮೊಹರು ಬಿದ್ದ ಮೇಲೆ ಒಂದು ನೆರಳಚ್ಚು ಪ್ರತಿ ಮನೆಯಲ್ಲಿರಲಿ.

ಇಂತಿ,
ಪುಣೆಯ ಕೆಲವು ಕನ್ನಡಿಗ ಸಾಫ್ಟ್‌ಬಾಲ್ ತರಬೇತುದಾರರು ಮತ್ತು ಅಂಪೈರ್‌ಗಳು